ಕರುಳಿನ ದಾರಿ ಕಿರಿದಾದಾಗ: ಕ್ರೋನ್ಸ್ ಕಾಯಿಲೆಯಲ್ಲಿ ಔಷಧ ಚಿಕಿತ್ಸೆ

ಹೊಟ್ಟೆನೋವೆಂದು ವೈದ್ಯರಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಅಜೀರ್ಣ, ಆಮ್ಲಪಿತ್ತ, ಜಂತುಬಾಧೆ ಮೊದಲಾದ ಸಾಮಾನ್ಯ ಕಾರಣಗಳಿರುತ್ತವೆ. ಅಲ್ಪಕಾಲದ ಪಥ್ಯ ಹಾಗೂ ಔಷಧಿಯಿಂದ ಅವು ಶಮನವಾಗುತ್ತವೆ. ಆದರೆ ಕೆಲವರ ನೋವು ಬೇರೆಯೇ ಬಗೆಯದು. ಊಟವಾದ ಒಂದೆರಡು ಗಂಟೆಗಳಲ್ಲಿ ಹೊಕ್ಕುಳ ಸುತ್ತ ಅಥವಾ ಬಲ ಕೆಳಹೊಟ್ಟೆಯಲ್ಲಿ ಹಿಂಡಿದಂತಹ ನೋವು ಏಳುತ್ತದೆ. ಹೊಟ್ಟೆ ಉಬ್ಬರಿಸಿ ಗುಡುಗುಡು ಸದ್ದು ಮಾಡುತ್ತದೆ. ವಾಂತಿಯಾದರೆ ತುಸು ಹಗುರವೆನಿಸುತ್ತದೆ. ಊಟ ಮಾಡಿದರೆ ನೋವು ಬರುವುದೆಂಬ ಭಯದಿಂದ ಊಟ ಕಡಿಮೆಯಾಗಿ ತೂಕ ಇಳಿಯುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದಿದ್ದರೆ ಕರುಳಿನ ದಾರಿ ಎಲ್ಲಿಯೋ ಕಿರಿದಾಗಿದೆಯೆಂದು ಸಂಶಯಿಸಬೇಕು. ಹಾಗೆ ಕಿರಿದಾಗಿಸುವ ರೋಗಗಳಲ್ಲಿ ಒಂದಾದ ಕ್ರೋನ್ಸ್ ಕಾಯಿಲೆಯ ವಿಷಯವನ್ನೂ, ಅದಕ್ಕೆ ಔಷಧಿಯಿಂದ ಎಷ್ಟರ ಮಟ್ಟಿಗೆ ಪರಿಹಾರವಿದೆ ಎಂಬುದನ್ನೂ ಈ ಸಂಚಿಕೆಯಲ್ಲಿ ಭಕ್ತಾದಿಗಳ ಮುಂದಿಡುತ್ತಿದ್ದೇವೆ.

ರೋಗದ ಸ್ವರೂಪ

1932ರಲ್ಲಿ ನ್ಯೂಯಾರ್ಕ್ ನಗರದ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ವೈದ್ಯರು ಈ ರೋಗವನ್ನು ವಿವರಿಸಿ ಲೇಖನ ಪ್ರಕಟಿಸಿದರು. ಮೊದಲನೆಯವರ ಹೆಸರೇ ರೋಗಕ್ಕೆ ನಿಂತಿತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯು ದಾರಿ ತಪ್ಪಿ ಕರುಳಿನ ಮೇಲೆಯೇ ತಿರುಗಿ ಬೀಳುವುದು ಇಲ್ಲಿನ ಮೂಲ ತೊಂದರೆ. ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದಾದರೂ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕೊನೆಯ ಭಾಗದಲ್ಲಿ ಇದು ಹೆಚ್ಚು. ಉರಿಯೂತವು ಕರುಳಿನ ಒಳಪದರಕ್ಕೆ ಸೀಮಿತವಾಗದೆ ಗೋಡೆಯ ದಪ್ಪವನ್ನೆಲ್ಲ ವ್ಯಾಪಿಸುತ್ತದೆ. ಆದ್ದರಿಂದಲೇ ಕರುಳು ಕಿರಿದಾಗುವುದು, ಕರುಳಿನಿಂದ ಕರುಳಿಗೆ ಅಥವಾ ಚರ್ಮಕ್ಕೆ ನಾಳವ್ರಣ ಬೀಳುವುದು ಈ ರೋಗದಲ್ಲಿ ಸಾಮಾನ್ಯ.

ಕರುಳು ಕಿರಿದಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಊತ. ಉರಿಯೂತದಿಂದ ಗೋಡೆ ದಪ್ಪವಾಗಿ, ನೀರು ತುಂಬಿ, ಒಳದಾರಿ ಇಕ್ಕಟ್ಟಾಗುತ್ತದೆ. ಎರಡನೆಯದು ಗಾಯದ ಕಲೆ. ಹುಣ್ಣು ಮತ್ತೆ ಮತ್ತೆ ಆಗಿ ಮಾಯುವಾಗ ಆ ಸ್ಥಳದಲ್ಲಿ ನಾರಿನಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಬಿಗಿದು ಸುಕ್ಕುಗಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕರುಳಿನ ಒಳಗೆ ಉಂಗುರದಂತೆ ಆಗುವುದೂ ಅದೇ. ಹೆಚ್ಚಿನ ರೋಗಿಗಳಲ್ಲಿ ಊತವೂ ನಾರುಗಟ್ಟುವಿಕೆಯೂ ಬೆರೆತಿರುತ್ತವೆ. ಯಾವುದು ಎಷ್ಟು ಪಾಲು ಎಂಬುದರ ಮೇಲೆಯೇ ಔಷಧಿಯ ಫಲ ನಿಂತಿದೆ. ಊತವನ್ನು ಔಷಧಿ ಇಳಿಸಬಲ್ಲದು. ಗಟ್ಟಿಯಾಗಿ ನಿಂತ ನಾರನ್ನು ಕರಗಿಸುವ ಔಷಧಿ ಇನ್ನೂ ರೋಗಿಗಳ ಬಳಕೆಗೆ ಬಂದಿಲ್ಲ. ಅದಕ್ಕಾಗಿ ಸಂಶೋಧನೆ ನಡೆಯುತ್ತಿದೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕ್ಷಯವೋ ಕ್ರೋನ್ಸೋ?

ನಮ್ಮ ದೇಶದಲ್ಲಿ ಈ ರೋಗದ ಚಿಕಿತ್ಸೆಗೆ ಮುನ್ನ ಒಂದು ದೊಡ್ಡ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಕ್ಷಯರೋಗವು ಶ್ವಾಸಕೋಶಕ್ಕೆ ಬರುವಂತೆ ಕರುಳಿಗೂ ಬರುತ್ತದೆ. ಅದು ಹಿಡಿಯುವ ಸ್ಥಳವೂ ಬಹುಮಟ್ಟಿಗೆ ಸಣ್ಣ ಕರುಳಿನ ಕೊನೆಯ ಭಾಗವೇ. ಅದೂ ಹುಣ್ಣು ಮಾಡಿ ಕರುಳನ್ನು ಕಿರಿದಾಗಿಸುತ್ತದೆ. ಹೊಟ್ಟೆನೋವು, ತೂಕ ಇಳಿಕೆ, ರಕ್ತಹೀನತೆ ಎರಡರಲ್ಲೂ ಒಂದೇ. ಸಂಜೆಯ ಜ್ವರ, ರಾತ್ರಿ ಬೆವರು, ಹೊಟ್ಟೆಯಲ್ಲಿ ನೀರು, ಶ್ವಾಸಕೋಶದಲ್ಲಿ ಕಲೆ ಕಂಡರೆ ಕ್ಷಯದ ಕಡೆಗೆ ಒಲವು; ಬಹುಕಾಲದ ಭೇದಿ, ಮಲದಲ್ಲಿ ರಕ್ತ, ಗುದದ ಬಳಿ ನಾಳವ್ರಣ, ನಡುನಡುವೆ ಆರೋಗ್ಯವಾದ ಭಾಗ ಬಿಟ್ಟು ಹಲವೆಡೆ ಹುಣ್ಣುಗಳಿದ್ದರೆ ಕ್ರೋನ್ಸ್ ಕಡೆಗೆ ಒಲವು. ಕೊಲೊನೋಸ್ಕೋಪಿ ಮಾಡಿ ತುಣುಕು ತೆಗೆದು ಪರೀಕ್ಷಿಸಿದರೂ ಕೆಲವೊಮ್ಮೆ ನಿಶ್ಚಯವಾಗುವುದಿಲ್ಲ.

ಇಲ್ಲಿ ತಪ್ಪಿದರೆ ಎರಡು ಕಡೆಯೂ ಅಪಾಯ. ಕ್ಷಯವಿದ್ದವರಿಗೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಮೈಯೆಲ್ಲ ಹರಡಬಹುದು. ಕ್ರೋನ್ಸ್ ಇದ್ದವರಿಗೆ ಕ್ಷಯದ ಮಾತ್ರೆಗಳನ್ನು ಬಹುಕಾಲ ಕೊಡುತ್ತ ಹೋದರೆ, ಆ ಅವಧಿಯಲ್ಲಿ ಉರಿಯೂತ ಮುಂದುವರಿದು ನಾರುಗಟ್ಟುತ್ತದೆ. ಹೀಗೆ ತಡವಾದವರಲ್ಲಿ ಕರುಳು ಕಿರಿದಾಗುವುದು ಹೆಚ್ಚೆಂದು ದೆಹಲಿಯ ಏಮ್ಸ್ ವೈದ್ಯರು ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದಕಾರಣ ಸಂಶಯವಿದ್ದಾಗ ಕ್ಷಯದ ಚಿಕಿತ್ಸೆ ಆರಂಭಿಸಿ, ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡುವ ಕ್ರಮ ರೂಢಿಯಲ್ಲಿದೆ. ಹುಣ್ಣು ಮಾಯ್ದಿದ್ದರೆ 6 ತಿಂಗಳ ಕ್ಷಯ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ಮಾಯದಿದ್ದರೆ ಮರುವಿಚಾರ ಮಾಡಬೇಕು. ಎರಡನೆಯ ಬಾರಿಯ ಆ ಪರೀಕ್ಷೆಯನ್ನು "ನೋವು ಕಡಿಮೆಯಾಗಿದೆ, ಮತ್ತೇಕೆ" ಎಂದು ತಪ್ಪಿಸಿಕೊಳ್ಳುವವರನ್ನು ನಾವು ಕಾಣುತ್ತೇವೆ. ದಯವಿಟ್ಟು ಹಾಗೆ ಮಾಡಬಾರದು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ; ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು.

ನಮ್ಮದು ಹೈನುಗಾರಿಕೆಯ ಜಿಲ್ಲೆ. ಹಸಿ ಹಾಲಿನ ಮೂಲಕ ದನದ ಕ್ಷಯ ಮನುಷ್ಯರ ಕರುಳಿಗೆ ಬರಬಲ್ಲದು. ಕರೆದ ಹಾಲನ್ನು ಕಾಯಿಸದೆ ಮಕ್ಕಳಿಗೆ ಕುಡಿಸುವ ಪದ್ಧತಿ ಯಾವ ಮನೆಯಲ್ಲಿದ್ದರೂ ಬಿಡಬೇಕು.

ಔಷಧಿಗಳು ಮತ್ತು ಅವುಗಳ ಮಿತಿ

ಕ್ರೋನ್ಸ್ ಎಂದು ನಿಶ್ಚಯವಾದ ಮೇಲೆ ಸಿ.ಟಿ. ಅಥವಾ ಎಂ.ಆರ್.ಐ. ಮೂಲಕ ಕಿರಿದಾದ ಭಾಗದ ಉದ್ದ, ಅದರ ಹಿಂದಿನ ಕರುಳು ಎಷ್ಟು ಹಿಗ್ಗಿದೆ, ಕೀವು ಅಥವಾ ನಾಳವ್ರಣವಿದೆಯೇ ಎಂಬುದನ್ನು ನೋಡುತ್ತಾರೆ. ರಕ್ತದ ಸಿ.ಆರ್.ಪಿ. ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗಳು ಉರಿಯೂತದ ಪ್ರಮಾಣವನ್ನು ತಿಳಿಸುತ್ತವೆ. ಕ್ಯಾಮರಾ ಇರುವ ಮಾತ್ರೆಯನ್ನು ನುಂಗಿಸುವ ಪರೀಕ್ಷೆಯೊಂದಿದೆ. ಕರುಳು ಕಿರಿದಾಗಿರುವವರಲ್ಲಿ ಆ ಮಾತ್ರೆ ಅಲ್ಲಿಯೇ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಹೊಟ್ಟೆಯುಬ್ಬರ, ವಾಂತಿ ಇದ್ದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ಟೀರಾಯ್ಡ್: ಊತವನ್ನು ಬೇಗ ಇಳಿಸುವ ಔಷಧಿ. ಕೀವುಗಟ್ಟಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೊಡುತ್ತಾರೆ. ಕರುಳು ಕಟ್ಟಿಕೊಂಡು ದಾಖಲಾದವರಿಗೆ ಸೂಜಿಯ ಮೂಲಕ, ಉಳಿದವರಿಗೆ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಆರಂಭಿಸಿ, 8ರಿಂದ 12 ವಾರಗಳಲ್ಲಿ ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸುತ್ತಾರೆ. ಸಣ್ಣ ಕರುಳಿನ ಕೊನೆಯಲ್ಲಿ ಮಾತ್ರ ರೋಗವಿದ್ದು ತೀವ್ರವಾಗಿಲ್ಲದಿದ್ದರೆ ಬ್ಯುಡೆಸೊನೈಡ್ 9 ಮಿಲಿಗ್ರಾಂ ಸಾಕಾಗಬಹುದು. ಸ್ಟೀರಾಯ್ಡ್ ವರ್ಷಗಟ್ಟಲೆ ತೆಗೆದುಕೊಳ್ಳುವ ಔಷಧಿಯಲ್ಲ. ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಸೋಂಕು ಇವೆಲ್ಲ ಹಿಂದೆಯೇ ಬರುತ್ತವೆ. ಆದರೆ ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಆರಂಭಿಸುವುದೂ ಇಳಿಸುವುದೂ ವೈದ್ಯರ ಲೆಕ್ಕದಂತೆಯೇ ನಡೆಯಬೇಕು.

ಅಜಾಥಯೊಪ್ರಿನ್: ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ರೋಗ ಮರುಕಳಿಸದಂತೆ ಕಾಯುವ ಮಾತ್ರೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ರಕ್ತದ ಬಿಳಿಕಣಗಳು ಅಪಾಯಕರವಾಗಿ ಕುಸಿಯುವಂತಹ ವಂಶವಾಹಿ ಗುಣ ಭಾರತೀಯರಲ್ಲಿ ಅಪರೂಪವಲ್ಲ. ಆರಂಭದ ವಾರಗಳಲ್ಲಿ ಕೂದಲು ಕಂತೆಕಂತೆಯಾಗಿ ಉದುರಿದರೆ, ಗಂಟಲುನೋವು, ಜ್ವರ ಬಂದರೆ ಆ ದಿನವೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು. ತೊಂದರೆಯಿಲ್ಲದವರೂ ಮೊದಲು ಒಂದೆರಡು ವಾರಗಳಿಗೊಮ್ಮೆ, ತರುವಾಯ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಗೌಟ್ ಕಾಯಿಲೆಗೆ ಕೊಡುವ ಅಲೊಪ್ಯುರಿನಾಲ್ ಇದರ ಜೊತೆ ಸೇರಿದರೆ ವಿಷವಾಗಬಹುದು.

ಜೈವಿಕ ಔಷಧಿಗಳು: ಉರಿಯೂತವನ್ನು ಹಬ್ಬಿಸುವ ಟಿ.ಎನ್.ಎಫ್. ಎಂಬ ಪದಾರ್ಥವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಡಾಲಿಮ್ಯಾಬ್ ಇವುಗಳಲ್ಲಿ ಮುಖ್ಯವಾದವು. ಇನ್‌ಫ್ಲಿಕ್ಸಿಮ್ಯಾಬನ್ನು ಮೊದಲ ದಿನ, 2ನೆಯ ಹಾಗೂ 6ನೆಯ ವಾರ, ಆಮೇಲೆ 8 ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಅಡಾಲಿಮ್ಯಾಬನ್ನು ಸಾಮಾನ್ಯವಾಗಿ ಎರಡು ವಾರಗಳಿಗೊಮ್ಮೆ ಚರ್ಮದಡಿ ಚುಚ್ಚುತ್ತಾರೆ. ಹುಣ್ಣನ್ನು ಇವು ಬೇಗ ಮಾಯಿಸುವುದರಿಂದ ಕರುಳು ಇನ್ನಷ್ಟು ಬಿಗಿದುಕೊಂಡೀತೆಂಬ ಅಂಜಿಕೆ ಮೊದಲು ವೈದ್ಯರಲ್ಲಿತ್ತು. ಆ ಅಂಜಿಕೆಗೆ ಆಧಾರವಿಲ್ಲವೆಂದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಫ್ರಾನ್ಸಿನ ತಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಕರುಳು ಕಿರಿದಾಗಿ ತೊಂದರೆಪಡುತ್ತಿದ್ದ 97 ಮಂದಿಗೆ ಅಡಾಲಿಮ್ಯಾಬ್ ಕೊಡಲಾಯಿತು. 24 ವಾರಗಳ ಹೊತ್ತಿಗೆ 62 ಮಂದಿಗೆ ಚಿಕಿತ್ಸೆ ಫಲಿಸಿತ್ತು. ನಾಲ್ಕು ವರ್ಷಗಳ ಬಳಿಕವೂ ಸುಮಾರು ಅರ್ಧದಷ್ಟು ಮಂದಿಗೆ ಕರುಳು ಕತ್ತರಿಸುವ ಪ್ರಸಂಗ ಬರಲಿಲ್ಲ. ಲಕ್ಷಣಗಳು ಈಚಿನವಾಗಿದ್ದು, ಕಿರಿದಾದ ಭಾಗ ತೀರ ಉದ್ದವಿಲ್ಲದೆ, ನಾಳವ್ರಣವಿಲ್ಲದವರಲ್ಲಿ ಫಲ ಹೆಚ್ಚು. ಆಸ್ಟ್ರೇಲಿಯದ ಮೆಲ್ಬರ್ನ್ ವೈದ್ಯರು 77 ಮಂದಿಯಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ, ಒಂದು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ಕರುಳು ಕಟ್ಟುವ ತೊಂದರೆ ತಗ್ಗಿತ್ತು.

ಈ ಸಂಖ್ಯೆಗಳನ್ನು ಎರಡು ರೀತಿಯಲ್ಲಿ ಓದಬೇಕು. ಕರುಳು ಕಿರಿದಾಯಿತೆಂದ ಮಾತ್ರಕ್ಕೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಗತಿಯೆಂದು ಎದೆಗುಂದಬೇಕಾಗಿಲ್ಲ. ಹಾಗೆಯೇ ಔಷಧಿಯೊಂದರಿಂದಲೇ ಎಲ್ಲರಿಗೂ ನೀಗುತ್ತದೆಂದು ಕಾಲ ತಳ್ಳುವಂತೆಯೂ ಇಲ್ಲ.

ಜೈವಿಕ ಔಷಧಿಗೆ ಮುನ್ನ ಎದೆಯ ಎಕ್ಸ್‌ರೇ, ಅಡಗಿರುವ ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದರೆ ಮರೆಮಾಚದೆ ಹೇಳಬೇಕು. ಬೆಲೆ ದುಬಾರಿಯೆಂಬುದು ನಿಜ. 2014ರ ಡಿಸೆಂಬರ್‌ನಲ್ಲಿ ಅಡಾಲಿಮ್ಯಾಬ್‌ಗೆ ಸಮಾನವಾದ ಔಷಧಿಯನ್ನು ಜಗತ್ತಿನಲ್ಲಿಯೇ ಮೊದಲಿಗೆ ಭಾರತದ ಝೈಡಸ್ ಕ್ಯಾಡಿಲಾ ಕಂಪನಿ ಕಡಿಮೆ ಬೆಲೆಗೆ ತಂದಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ಚಿಕಿತ್ಸೆಗೆ ನೆರವು ದೊರೆಯುವುದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಬೇಕು. ಇನ್ನು ಮೆಸಲಮೀನ್ ಮಾತ್ರೆ ಅಗ್ಗವೆಂದು ಅದನ್ನೇ ನಂಬಿ ಕೂರುವವರಿದ್ದಾರೆ; ಸಣ್ಣ ಕರುಳಿನ ಕ್ರೋನ್ಸ್ ಕಾಯಿಲೆಯಲ್ಲಿ ಅದರ ಪ್ರಯೋಜನ ಅಲ್ಪ.

ಔಷಧಿ ಸಾಲದಾದಾಗ

ಕಿರಿದಾದ ಭಾಗ ಸುಮಾರು 5 ಸೆಂಟಿಮೀಟರ್‌ಗಿಂತ ಕಡಿಮೆ ಉದ್ದವಿದ್ದು ಕೊಳವೆಗೆ ಎಟಕುವಂತಿದ್ದರೆ ಬಲೂನು ಹಿಗ್ಗಿಸಿ ಅಗಲಿಸಬಹುದು. ಅದೂ ಆಗದಿದ್ದರೆ ಆ ಭಾಗವನ್ನು ಕತ್ತರಿಸಿ ಜೋಡಿಸುತ್ತಾರೆ. ಅಥವಾ ಕತ್ತರಿಸಿ ತೆಗೆಯದೆ, ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ದಾರಿಯನ್ನು ಅಗಲ ಮಾಡುತ್ತಾರೆ. ಕರುಳಿನ ಉದ್ದವನ್ನು ಉಳಿಸುವ ಈ ಎರಡನೆಯ ಕ್ರಮವನ್ನು ಕ್ಷಯದಿಂದ ಕರುಳು ಕಿರಿದಾದವರಿಗೆ ಮಾಡಿ 1977ರಲ್ಲಿ ಪ್ರಕಟಿಸಿದವರು ನಮ್ಮ ಭಾರತೀಯ ಶಸ್ತ್ರವೈದ್ಯರು: ಕಟಾರಿಯಾ ಮತ್ತು ಅವರ ಸಹೋದ್ಯೋಗಿಗಳು. ಅನಂತರ 1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಇಮ್ಯಾನುಯೆಲ್ ಲೀ ಅದನ್ನು ಕ್ರೋನ್ಸ್ ರೋಗಿಗಳಿಗೆ ಅನ್ವಯಿಸಿದರು. ಶಸ್ತ್ರಚಿಕಿತ್ಸೆಯಾದ ಮೇಲೂ ಹೊಲಿಗೆಯ ಬಳಿ ರೋಗ ಮರಳುವುದುಂಟು. ಆದ್ದರಿಂದ ಔಷಧಿ ಮುಂದುವರಿಸಬೇಕೇ ಎಂಬುದನ್ನು ವೈದ್ಯರಿಂದ ತಿಳಿಯಬೇಕು. ಬೀಡಿ ಸಿಗರೇಟು ಸೇದುವವರಂತೂ ಅದನ್ನು ಬಿಡಲೇಬೇಕು. ಧೂಮಪಾನ ಈ ರೋಗವನ್ನು ಉಲ್ಬಣಗೊಳಿಸುತ್ತದೆಂಬುದರಲ್ಲಿ ಸಂಶಯವಿಲ್ಲ.

ಆಯುರ್ವೇದದ ಮಾತು

ನಾವು ಆಯುರ್ವೇದ ಓದಿದವರಾದ್ದರಿಂದ, "ಇದಕ್ಕೆ ನಿಮ್ಮಲ್ಲಿ ಔಷಧಿಯಿಲ್ಲವೇ?" ಎಂದು ಭಕ್ತರು ಕೇಳುವುದು ಸಹಜ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗಗಳನ್ನು ಎಂಟು ಬಗೆಯಾಗಿ ಹೇಳಿದೆ. ಅವುಗಳಲ್ಲೊಂದು ಬದ್ಧಗುದೋದರ, ಅಂದರೆ ಕರುಳಿನ ದಾರಿ ಕಟ್ಟಿಕೊಂಡು ಹೊಟ್ಟೆ ಉಬ್ಬುವುದು. ಇದೇ ಕ್ರೋನ್ಸ್ ಎಂದು ನಾವು ಹೇಳುವುದಿಲ್ಲ. ಕರುಳು ಕಟ್ಟುವ ಸ್ಥಿತಿಯನ್ನು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರೆಂಬುದಷ್ಟೇ ಇದರ ತಾತ್ಪರ್ಯ. ಅದು ಹದಿನೈದು ದಿನ ಮೀರಿದರೆ ಬಹುತೇಕ ಪ್ರಾಣಾಂತಿಕವೆಂದು ಚರಕರು ಎಚ್ಚರಿಸಿದ್ದಾರೆ. ಹೊಟ್ಟೆ ತೆರೆದು ಕರುಳಿನ ಅಡ್ಡಿಯನ್ನು ತೆಗೆಯುವುದು ಶಲ್ಯವೈದ್ಯರ ಕೆಲಸವೆಂದೂ ಹೇಳಿದ್ದಾರೆ. ಸುಶ್ರುತರು ಆ ಶಸ್ತ್ರಕರ್ಮವನ್ನೇ ವಿವರಿಸಿದ್ದಾರೆ. ತಮ್ಮ ಮಿತಿಯರಿತು ರೋಗಿಯನ್ನು ಬೇರೊಬ್ಬರ ಕೈಗೊಪ್ಪಿಸುವುದು ಶಾಸ್ತ್ರಸಮ್ಮತವೇ ಹೊರತು ಸೋಲಲ್ಲ.

ಬದ್ಧಗುದೋದರಕ್ಕೆ ತೀಕ್ಷ್ಣ ವಿರೇಚನವನ್ನೂ ಗ್ರಂಥದಲ್ಲಿ ಹೇಳಿದೆಯಲ್ಲವೇ ಎಂದು ಬಲ್ಲವರು ಕೇಳಬಹುದು. ಹೇಳಿರುವುದು ನಿಜ. ಆದರೆ ಗಟ್ಟಿಯಾದ ಉಂಗುರ ಎಲ್ಲಿದೆ, ಎಷ್ಟಿದೆ ಎಂದು ಇಂದು ಕಣ್ಣಾರೆ ಕಾಣಬಹುದಾಗಿರುವಾಗ, ಅದರ ಹಿಂದೆ ಕರುಳನ್ನು ಬಲವಂತವಾಗಿ ಕೆರಳಿಸಿದರೆ ಕರುಳು ಒಡೆಯುವ ಭಯವಿದೆ. ನಮ್ಮ ಹಳ್ಳಿಗಳಲ್ಲಿ ಹೊಟ್ಟೆಯುಬ್ಬರಕ್ಕೆ ಮೊದಲು ನೆನಪಾಗುವುದು ಹರಳೆಣ್ಣೆ. ಪಟ್ಟಣದಲ್ಲಿ ಇಸಬಗೋಲು, ತ್ರಿಫಲಾ ಚೂರ್ಣ. ಕರುಳು ಕಿರಿದಾಗಿರುವವರು ಇವುಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಇಸಬಗೋಲು ನೀರು ಹೀರಿ ಊದುವ ಸ್ವಭಾವದ್ದು; ಇಕ್ಕಟ್ಟಾದ ಕಡೆ ಅದೇ ಬಿರಡೆಯಾದೀತು. ಗ್ರಹಣಿಗೆ ಒಳ್ಳೆಯದೆಂದು ನಾರುಳ್ಳ ಬಿಲ್ವದ ತಿರುಳನ್ನು ತಿನ್ನುವುದೂ ಇಲ್ಲಿ ಸಲ್ಲದು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಭಾರಲೋಹ ಅಥವಾ ಸ್ಟೀರಾಯ್ಡ್ ಬೆರೆತಿರುವ ಸಂಭವವಿದೆ. ಆಯುರ್ವೇದ ಔಷಧಿ ಬೇಕೆಂದರೆ ಎರಡೂ ಕಡೆಯ ವೈದ್ಯರಿಗೆ ತಿಳಿಸಿಯೇ ಆರಂಭಿಸಬೇಕು. ಅದನ್ನು ನೆಚ್ಚಿ ನಡೆಯುತ್ತಿರುವ ಮಾತ್ರೆ, ಚುಚ್ಚುಮದ್ದುಗಳನ್ನು ನಿಲ್ಲಿಸಕೂಡದು. ಇಲ್ಲಿ ಆಯುರ್ವೇದದ ದೊಡ್ಡ ಕಾಣಿಕೆ ಪಥ್ಯವೆಂಬುದು ನಮ್ಮ ಅಭಿಪ್ರಾಯ.

ಆಹಾರ ಕ್ರಮ

ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುವುದು ಸಿಪ್ಪೆ, ಬೀಜ ಮತ್ತು ನಾರು. ನಮ್ಮ ಸೀಮೆಯ ಬೆಳೆಗಳನ್ನೇ ನೋಡೋಣ. ಕೋಲಾರದ ಟೊಮೆಟೊವನ್ನು ಬೇಯಿಸಿ, ಸಿಪ್ಪೆ ಬೀಜ ಸೋಸಿ ತಿಳಿಸಾರು ಮಾಡಬೇಕು. ಶ್ರೀನಿವಾಸಪುರದ ಮಾವನ್ನು ಸಿಪ್ಪೆ ನಾರು ಬಿಟ್ಟು ರಸವಾಗಿ ಸೋಸಿ ಮಿತವಾಗಿ ಕುಡಿಯಬಹುದು. ಅವರೆಕಾಳನ್ನು ಸಿಪ್ಪೆಸಹಿತ ತಿನ್ನಬಾರದು. ನೆನೆಸಿ ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ಒಗ್ಗಿದರೆ ಸ್ವಲ್ಪವೇ ತಿನ್ನಬೇಕು. ಸೊಪ್ಪಿನ ಪಲ್ಯ ಬೇಡ. ದಂಟು ತೆಗೆದು ನುಣ್ಣಗೆ ಮಸೆದ ಮಸ್ಸೊಪ್ಪನ್ನು ಸ್ವಲ್ಪ ಬಳಸಬಹುದು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ವಾಡಿಕೆ. ಈ ರೋಗಿಗಳು ಮುದ್ದೆಯ ಬದಲು ರಾಗಿಹಿಟ್ಟನ್ನು ಬಟ್ಟೆಯಲ್ಲಿ ಶೋಧಿಸಿ, ತೆಳುವಾದ ಗಂಜಿ ಮಾಡಿ ಕುಡಿಯುವುದು ಮೇಲು. ಹಲಸಿನ ತೊಳೆ, ಸೀಬೆಹಣ್ಣು, ಮುಸುಕಿನ ಜೋಳ, ಅಣಬೆ, ನುಗ್ಗೆಕಾಯಿ, ಇಡಿಯ ಕಡಲೆಕಾಯಿಬೀಜ ವರ್ಜ್ಯ. ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟು, ಇಡ್ಲಿ, ಒಗ್ಗಿದವರಿಗೆ ಮೊಸರು, ಮಜ್ಜಿಗೆ ಹಿತ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವೇ ಅಗಿದು ತಿನ್ನಬೇಕು. ಊತ ಇಳಿದು ದಾರಿ ತೆರೆದ ಮೇಲೆ ವೈದ್ಯರ ಸಲಹೆಯಂತೆ ಒಂದೊಂದೇ ಪದಾರ್ಥವನ್ನು ಮರಳಿ ಸೇರಿಸಿಕೊಳ್ಳಬಹುದು. ಆಯುಷ್ಯವಿಡೀ ಗಂಜಿಯಲ್ಲೇ ಇದ್ದರೆ ದೇಹ ಕೃಶವಾಗುತ್ತದೆ.

ಸಣ್ಣ ಕರುಳಿನ ಕೊನೆಯ ಭಾಗವೇ ಬಿ-12 ಜೀವಸತ್ವವನ್ನು ಹೀರಿಕೊಳ್ಳುವ ಸ್ಥಳ. ನಾವು ಸಸ್ಯಾಹಾರಿಗಳು, ನಮಗೆ ಅದು ಹಾಲು ಮೊಸರಿನಿಂದಷ್ಟೇ ದೊರೆಯುತ್ತದೆ. ಆ ಭಾಗಕ್ಕೆ ರೋಗ ಬಂದರೆ ದೊರೆತದ್ದೂ ದಕ್ಕುವುದಿಲ್ಲ. ಕೈಕಾಲು ಜೋಮು, ಆಯಾಸ, ಮರೆವು ಕಂಡರೆ ಪರೀಕ್ಷಿಸಿ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಕಬ್ಬಿಣಾಂಶ ಮತ್ತು ಡಿ ಜೀವಸತ್ವವನ್ನೂ ನೋಡಿಸಬೇಕು.

ನಮ್ಮ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕ. ಕೀಲುನೋವೂ ನೋವಿನ ಮಾತ್ರೆಯೂ ಮನೆಮನೆಯ ಮಾತು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಕ್ರೋನ್ಸ್ ರೋಗವನ್ನು ಕೆರಳಿಸಬಲ್ಲವು. ಬಹುಕಾಲ ನುಂಗಿದರೆ ರೋಗವಿಲ್ಲದವರ ಕರುಳಿನಲ್ಲೂ ತೆಳುಪೊರೆಯಂತಹ ತಡೆಗಳನ್ನು ಹುಟ್ಟಿಸಬಲ್ಲವು. ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

ಉಪವಾಸ ಮತ್ತು ಪ್ರಸಾದ

ಶಿವರಾತ್ರಿ ಹಾಗೂ ಶ್ರಾವಣ ಸೋಮವಾರಗಳಂದು ಉಪವಾಸವಿದ್ದು ಮಾತ್ರೆ ಬಿಡುವ ಭಕ್ತರಿದ್ದಾರೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರು ಒಂದು ದಿನವೂ ಬಿಡಬಾರದು. ಗಂಜಿಯನ್ನೋ ಹಾಲನ್ನೋ ಕುಡಿದು ಮಾತ್ರೆ ನುಂಗಬೇಕು. ಉಪವಾಸ ಮುರಿಯುವಾಗಿನ ಭಾರೀ ಊಟವೂ ಕಿರಿದಾದ ಕರುಳಿಗೆ ಆಗದು. ದಾಸೋಹದಲ್ಲಿ ಎಲೆಗೆ ಬಡಿಸಿದ್ದನ್ನು ಬಿಡಬಾರದೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಅದು ಒಳ್ಳೆಯದೇ. ಆದ್ದರಿಂದ ರೋಗಿಗಳು ಬಡಿಸುವವರಿಗೆ ಮೊದಲೇ ಹೇಳಿ, ತಮಗೆ ಹಿತವಾದುದನ್ನು ತುತ್ತಿನಷ್ಟು ಪಡೆದರೆ ಸಾಕು. ಪ್ರಸಾದಕ್ಕೆ ಅಳತೆಯಿಂದ ಕುಂದು ಬರುವುದಿಲ್ಲ. ಬಡಿಸುವ ಸೇವಾಕರ್ತರೂ ಅಂಥವರನ್ನು ಒತ್ತಾಯಿಸಬಾರದೆಂದು ಕೋರುತ್ತೇವೆ.

ನೆನಪಿನಲ್ಲಿಡಬೇಕಾದವು

1. ಊಟದ ಬಳಿಕ ಹಿಂಡುವ ನೋವು, ಉಬ್ಬರ, ತೂಕ ಇಳಿಕೆ ಕೆಲವು ವಾರ ಮುಂದುವರಿದರೆ ಪರೀಕ್ಷೆ ಮಾಡಿಸಿ. ಊತದ ಹಂತದಲ್ಲಿ ಬಂದರೆ ಔಷಧಿಗೆ ಅವಕಾಶ ಹೆಚ್ಚು.

2. ಕ್ಷಯವೋ ಕ್ರೋನ್ಸೋ ಎಂಬುದನ್ನು ಬಿಡಿಸಿಕೊಳ್ಳದೆ ಸ್ಟೀರಾಯ್ಡ್ ಬೇಡ; ಮರುಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆಯನ್ನು ಎಳೆಯುತ್ತ ಹೋಗುವುದೂ ಬೇಡ.

3. ನೋವು ನಿಂತಿತೆಂದು ಔಷಧಿ ನಿಲ್ಲಿಸಬೇಡಿ. ಮೇಲೆ ನೋವಿಲ್ಲದಿದ್ದರೂ ಒಳಗೆ ಉರಿಯೂತ ನಡೆದು ನಾರುಗಟ್ಟುತ್ತಿರಬಹುದು.

4. ಹರಳೆಣ್ಣೆ, ಇಸಬಗೋಲು, ಭೇದಿ ಔಷಧಿ, ನೋವಿನ ಮಾತ್ರೆ, ಧೂಮಪಾನ ವರ್ಜ್ಯ.

5. ಹೊಟ್ಟೆ ಬಿಗಿದು ಉಬ್ಬಿ, ವಾಂತಿ ನಿಲ್ಲದೆ, ಮಲವೂ ವಾಯುವೂ ಹೋಗದಿದ್ದರೆ, ಅಥವಾ ಜೊತೆಗೆ ಜ್ವರ ಬಂದರೆ, ಬಾಯಿಗೆ ಏನನ್ನೂ ಕೊಡದೆ ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ನಾಲ್ಕೂ ತಾಲ್ಲೂಕಿನವರಿಗೆ ಗೊತ್ತಿರುವ ಸ್ಥಳಗಳೇ. ಬೆಳಗಾಗಲೆಂದು ಕಾಯಬೇಡಿ.

6. ಶಸ್ತ್ರಚಿಕಿತ್ಸೆ ಅಗತ್ಯವೆಂದು ತಜ್ಞರು ಹೇಳಿದಾಗ ಮುಂದೂಡಬೇಡಿ. ಸಕಾಲದಲ್ಲಿ ಸಿದ್ಧತೆಯೊಂದಿಗೆ ಮಾಡುವುದಕ್ಕೂ, ಕರುಳು ಒಡೆದ ಮೇಲೆ ತುರ್ತಾಗಿ ಮಾಡುವುದಕ್ಕೂ ಬಹಳ ಅಂತರವಿದೆ.

ಇದು ಬಹುಕಾಲ ಜೊತೆಗಿರುವ ರೋಗ. ರೋಗಿಗೆ ತಾಳ್ಮೆ ಬೇಕು. ಮನೆಯವರಿಗೆ ಅದಕ್ಕಿಂತ ಹೆಚ್ಚು ಬೇಕು. ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುವ ಹರೆಯದವರು ಊಟಕ್ಕೆ ಅಂಜಿದರೆ ಅದನ್ನು ಸೋಗೆಂದು ಜರೆಯದೆ ಕರೆತಂದು ತೋರಿಸಬೇಕು. ಕಾಯವು ನೆಟ್ಟಗಿದ್ದರೆ ಕಾಯಕವೂ ಪೂಜೆಯೂ ಸಾಂಗವಾಗಿ ನಡೆಯುತ್ತವೆ. ಸರ್ವರಿಗೂ ಆರೋಗ್ಯಭಾಗ್ಯ ದೊರೆಯಲೆಂದು ಹಾರೈಸುತ್ತ, ಶರಣು ಶರಣಾರ್ಥಿಗಳು.